ಇವತ್ತು ಉದುರಿದ ಕೂದಲು, ಮೂರು ತಿಂಗಳ ಹಿಂದಿನ ಸುದ್ದಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ನಿಂತು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ತಲೆಗೆ ಎಣ್ಣೆ ಹಚ್ಕೊಂಡು ಸ್ನಾನಕ್ಕೆ ಕಾಯ್ತಾ ಕೇಳ್ತಿರೋರು, ಎಲ್ಲರೂ ಕೇಳಿ. ಎಣ್ಣೆ ಹಚ್ಕೊಂಡು ಕೂತಿರೋರು ಸ್ವಲ್ಪ ಗಮನ ಕೊಡಿ, ಇವತ್ತಿನ ವಿಷಯ ನಿಮ್ಮದೇ. ಕೂದಲು.

ನನ್ನ ಕಥೆಯಿಂದಲೇ ಶುರು ಮಾಡ್ತೀನಿ. ಎರಡು ವರ್ಷದ ಹಿಂದೆ, ನವೆಂಬರ್‌ನ ಒಂದು ಭಾನುವಾರ. ಪಿ.ಜಿ. ಬಚ್ಚಲಲ್ಲಿ ತಲೆಗೆ ನೀರು ಹಾಕ್ಕೊಳ್ತಾ ಇದ್ದೆ. ನೀರು ಹೋಗೋ ಜಾಲರಿ ಕಟ್ಕೊಂಡು ಕಾಲ ಹತ್ರ ನೀರು ನಿಂತುಬಿಡ್ತು. ಬಗ್ಗಿ ನೋಡಿದ್ರೆ ನನ್ನದೇ ಕೂದಲು, ಒಂದು ಮುಷ್ಟಿ. ಒಂದೆರಡು ವಾರ ನೋಡಿದೆ, ನಿಲ್ಲಲಿಲ್ಲ. ದಿಂಬಿನ ಮೇಲೆ, ಲ್ಯಾಪ್‌ಟಾಪ್ ಮೇಲೆ, ಅನ್ನದ ತಟ್ಟೆಯಲ್ಲಿ, ಎಲ್ಲಾ ಕಡೆ ಕೂದಲು. ಜಡೆ ಇಲಿಬಾಲ ಆಗೋಯ್ತು.

ರೂಮ್‌ಮೇಟ್ ಹೇಳಿದಳು, "ಬೆಂಗಳೂರು ಬೋರ್ ನೀರು ಕಣೇ, ನಂದೂ ಹೀಗೇ ಆಗಿತ್ತು." ಅಮ್ಮ ಫೋನಲ್ಲಿ, "ಎಣ್ಣೆ ಮುಟ್ಟಲ್ಲ ನೀನು, ಇನ್ನೇನಾಗತ್ತೆ!" ನನ್ನ ಫೋನೂ ಇದನ್ನೆಲ್ಲ ಕೇಳಿಸ್ಕೊಳ್ತಿತ್ತೋ ಏನೋ, ಮಾರನೇ ದಿನದಿಂದ ರೀಲ್ಸ್ ತುಂಬಾ ಮೊಣಕಾಲುದ್ದ ಕೂದಲಿನವರು. ನಾನು ನಲ್ಲಿಗೆ ಹಾಕೋ ಫಿಲ್ಟರ್ ತಗೊಂಡೆ, ಈರುಳ್ಳಿ ಶಾಂಪೂ ತಗೊಂಡೆ, ಬಯೋಟಿನ್ ಗಮ್ಮಿ ತಗೊಂಡೆ, ಕೊನೆಗೆ ಒಂದು ಗಿಡಮೂಲಿಕೆ ಎಣ್ಣೆ. ಎಲ್ಲಾ ಸೇರಿ ಆರು ಸಾವಿರ ಚಿಲ್ಲರೆ.

ಫೆಬ್ರವರಿ ಹೊತ್ತಿಗೆ ಉದುರೋದು ನಿಂತೇ ಹೋಯ್ತು! ನಾನು ಊರಿಗೆಲ್ಲ ಸಾರಿದೆ, ಆ ಎಣ್ಣೆ ಸೂಪರ್ ಅಂತ. ತಿಪಟೂರಲ್ಲಿರೋ ಚಿಕ್ಕಮ್ಮನ ಮಗಳಿಗೂ ಕೂದಲು ಉದುರ್ತಾ ಇತ್ತು. ಅವಳಿಗೆ ಎರಡು ಬಾಟಲಿ ಕಳಿಸಿದೆ. ಕೊಬ್ಬರಿಗೆ ಹೆಸರಾದ ತಿಪಟೂರಿಗೆ ಬೆಂಗಳೂರಿನಿಂದ ಎಣ್ಣೆ ಕಳಿಸಿದ ಪುಣ್ಯಾತ್ಗಿತ್ತಿ ನಾನು.

ಆ ಎಣ್ಣೆಯಿಂದ ನನ್ನ ಕೂದಲು ನಿಂತಿರಲಿಲ್ಲ. ಅದು ನನಗೆ ಗೊತ್ತಾಗುವಷ್ಟರಲ್ಲಿ ನನ್ನ ತಂಗಿ ನಾಲ್ಕು ತಿಂಗಳು ಕಳ್ಕೊಂಡಿದ್ದಳು. ಏನಾಯ್ತು ಅಂತ ಹೇಳೋಕೆ ಮುಂಚೆ, ಕೂದಲು ಹೇಗೆ ಬೆಳೆಯುತ್ತೆ ಅಂತ ನೋಡಿಬಿಡೋಣ.

ಮೇಲಿರೋದು ಸತ್ತ ಎಳೆ, ಕೆಳಗಿರೋದು ಜೀವಂತ ಗೂಡು

ನಾವು ಬಾಚೋ, ತೊಳೆಯೋ, ಬಣ್ಣ ಹಾಕೋ ಕೂದಲಿದೆಯಲ್ಲ, ಅದಕ್ಕೆ ಜೀವ ಇಲ್ಲ. ಉಗುರಿನ ಹಾಗೆ ಅದೂ ಕೆರಾಟಿನ್ ಅನ್ನೋ ಪ್ರೋಟೀನ್. ಅದಕ್ಕೇ ಕತ್ತರಿಸಿದ್ರೆ ನೋವಾಗಲ್ಲ. ನಮ್ಮೂರುಗಳಲ್ಲಿ ಉದುರಿದ ಕೂದಲನ್ನು ಕೂಡಿಟ್ಟು, ಬೀದಿಗೆ ಬರೋ ವ್ಯಾಪಾರಿಗೆ ಕೊಟ್ಟು ಪಿನ್ನೋ ಪಾತ್ರೆಯೋ ತಗೊಳ್ತಾರಲ್ಲ? ಕೊಪ್ಪಳದ ಪಕ್ಕದ ಭಾಗ್ಯನಗರ ಇಂಥ ಕೂದಲಿನ ವ್ಯಾಪಾರಕ್ಕೇ ಹೆಸರಾದ ಊರು. ತಲೆಯಿಂದ ಬಿದ್ದು ಎಷ್ಟು ದಿನ ಆದ್ರೂ ಅದು ಕೊಳೆಯಲ್ಲ, ಬಾಡಲ್ಲ, ವಿಗ್ ಆಗಿ ಇನ್ನೊಬ್ಬರ ತಲೆ ಮೇಲೆ ಕೂರುತ್ತೆ. ಮೊದಲೇ ಜೀವ ಇಲ್ಲದ ಎಳೆ, ಮತ್ತೆ ಸಾಯೋದೇನಿದೆ? ಹಾಗಾಗಿ "ಕೂದಲಿಗೆ ಪೋಷಣೆ ಕೊಡುವ ಶಾಂಪೂ" ಅನ್ನೋ ಜಾಹೀರಾತು ನೋಡಿದಾಗ ಒಂದು ಪ್ರಶ್ನೆ ಕೇಳ್ಕೊಳ್ಳಿ: ಊಟ ಮಾಡೋಕೆ ಅಲ್ಲಿ ಯಾರಿದ್ದಾರೆ?

ಜೀವ ಇರೋದು ಚರ್ಮದ ಒಳಗೆ. ಅಲ್ಲಿ ಪ್ರತಿ ಕೂದಲಿಗೂ ಒಂದು ಪುಟ್ಟ ಗೂಡು ಇದೆ. ವೈದ್ಯರು ಫಾಲಿಕಲ್ ಅಂತಾರೆ, ನಾನು ಗೂಡು ಅಂತಲೇ ಹೇಳ್ತೀನಿ. ಗೂಡಿನ ತಳದಲ್ಲಿ ಜೀವಕೋಶಗಳು ದಿನರಾತ್ರಿ ಎರಡಾಗ್ತಾ, ಹಳೆಯದನ್ನು ಮೇಲಕ್ಕೆ ತಳ್ತಾ ಇರ್ತವೆ. ಮೇಲೆ ಬರ್ತಾ ಬರ್ತಾ ಅವು ಗಟ್ಟಿಯಾಗಿ, ಸತ್ತು, ಎಳೆಯಾಗ್ತವೆ. ಶಾವಿಗೆ ಒರಳಿನಿಂದ ಶಾವಿಗೆ ಬಂದ ಹಾಗೆ. ಈ ಗೂಡಿಗೆ ಬೇಕಾದ ಊಟ ಬರೋದು ರಕ್ತದಿಂದ. ಅಂದ್ರೆ ನೀವು ತಿಂದಿದ್ದರಿಂದ, ತಲೆಗೆ ಹಚ್ಚಿದ್ದರಿಂದ ಅಲ್ಲ.

ಈ ಗೂಡುಗಳೆಲ್ಲ ನಾವು ತಾಯಿ ಹೊಟ್ಟೆಯಲ್ಲಿರುವಾಗಲೇ ತಯಾರಾಗಿರ್ತವೆ. ತಲೆಯಲ್ಲಿ ಸುಮಾರು ಒಂದು ಲಕ್ಷ. ಹುಟ್ಟಿದ ಮೇಲೆ ಹೊಸ ಗೂಡು ಸೇರಲ್ಲ. ಇರೋದನ್ನ ಉಳಿಸ್ಕೊಳ್ಳೋದಷ್ಟೇ ನಮ್ಮ ಕೈಲಿರೋದು.

ಒಂದೊಂದು ಕೂದಲಿಗೂ ಅದರದೇ ಗಡಿಯಾರ

ಪ್ರತಿ ಗೂಡೂ ಮೂರು ಹಂತದಲ್ಲಿ ಸುತ್ತುತ್ತೆ. ಮೊದಲನೆಯದು ಬೆಳೆಯೋ ಹಂತ, ಅನಾಜೆನ್. ತಲೆಕೂದಲಲ್ಲಿ ಇದು ಎರಡರಿಂದ ಆರು ವರ್ಷ. ಈ ಹೊತ್ತಲ್ಲಿ ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತೆ. ಎರಡನೆಯದು ಕೆಲಸ ನಿಲ್ಲಿಸೋ ಹಂತ, ಕೆಟಾಜೆನ್, ಎರಡು ಮೂರು ವಾರ. ಮೂರನೆಯದು ವಿಶ್ರಾಂತಿ, ಟೆಲೋಜೆನ್. ಸುಮಾರು ಮೂರು ತಿಂಗಳು ಕೂದಲು ಬೆಳೆಯಲ್ಲ, ಸುಮ್ಮನೆ ಗೂಡಲ್ಲಿ ಸಿಕ್ಕೊಂಡಿರುತ್ತೆ. ಆಮೇಲೆ ಉದುರುತ್ತೆ, ಅದೇ ಗೂಡಲ್ಲಿ ಹೊಸದು ಶುರುವಾಗುತ್ತೆ.

ಒಂದು ಲೆಕ್ಕ ಹಾಕೋಣ. ಬೆಳೆಯೋ ಹಂತ ಮೂರು ವರ್ಷ ಇರೋರ ಕೂದಲು ಎಷ್ಟು ಉದ್ದ ಆಗಬಹುದು? ಮೂವತ್ತಾರು ತಿಂಗಳು, ಮೂವತ್ತಾರು ಸೆಂಟಿಮೀಟರ್. ಆರು ವರ್ಷ ಇದ್ರೆ ಎಪ್ಪತ್ತೆರಡು, ಸೊಂಟದ ಹತ್ತಿರ. ರೀಲ್ಸ್‌ನ ಮೊಣಕಾಲುದ್ದ ಕೂದಲಿನ ಗುಟ್ಟು ಬಹುಪಾಲು ಇಷ್ಟೇ, ಅವರ ಗೂಡಿನ ಗಡಿಯಾರ ಉದ್ದ. ಅದು ವಂಶದಿಂದ ಬಂದಿದ್ದು, ಬಾಟಲಿಯಿಂದ ಅಲ್ಲ. ಹುಬ್ಬು ಯಾವತ್ತೂ ಜಡೆ ಹಾಕುವಷ್ಟು ಬೆಳೆಯಲ್ಲ ಯಾಕೆ? ಅದರ ಬೆಳೆಯೋ ಹಂತ ಬಹಳ ಚಿಕ್ಕದು, ಅದಕ್ಕೆ.

ಇನ್ನೊಂದು ಲೆಕ್ಕ. ಒಂದು ಲಕ್ಷ ಕೂದಲು, ಒಂದೊಂದರ ಆಯಸ್ಸು ಸುಮಾರು ಸಾವಿರ ದಿನ ಅಂದ್ಕೊಳ್ಳಿ. ದಿನಕ್ಕೆ ನೂರು ಉದುರಲೇಬೇಕಲ್ವಾ? ಅದಕ್ಕೇ ವೈದ್ಯರು ದಿನಕ್ಕೆ ಐವತ್ತರಿಂದ ನೂರು ಉದುರಿದ್ರೆ ಭಯ ಬೇಡ ಅನ್ನೋದು. ವಾರಕ್ಕೆ ಎರಡು ಸಲ ತಲೆಗೆ ಸ್ನಾನ ಮಾಡೋರಿಗೆ ಮೂರು ನಾಲ್ಕು ದಿನದ್ದು ಒಟ್ಟಿಗೆ ಕೈಗೆ ಬರುತ್ತೆ. ಉಂಡೆ ದೊಡ್ಡದಾಗಿ ಕಾಣುತ್ತೆ, ಅಷ್ಟೇ.

ಉದುರಿದ ಕೂದಲಿನ ಬುಡದಲ್ಲಿ ಚಿಕ್ಕ ಬಿಳಿ ಗಂಟು ಇರುತ್ತೆ ನೋಡಿ. ತುಂಬಾ ಜನ "ಬೇರೇ ಕಿತ್ತು ಬಂತು" ಅಂತ ಹೆದರ್ತಾರೆ. ಅದು ಬೇರಲ್ಲ, ವಿಶ್ರಾಂತಿ ಮುಗಿಸಿದ ಕೂದಲಿನ ಗುರುತು. ಗೂಡು ಒಳಗೇ ಇದೆ. ಗಂಟಿಲ್ಲದ ಚಿಕ್ಕ ಚಿಕ್ಕ ತುಂಡುಗಳು ಬೀಳ್ತಿದ್ರೆ ಅದು ಉದುರಿದ್ದಲ್ಲ, ಮಧ್ಯದಲ್ಲಿ ಮುರಿದದ್ದು. ಎರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ.

ಡಾಕ್ಟ್ರು ಕೇಳಿದ ಒಂದೇ ಪ್ರಶ್ನೆ

ನನ್ನ ಎಣ್ಣೆ ಪ್ರಚಾರ ಜೋರಾಗಿದ್ದಾಗಲೇ, ಮುಖದ ಮೊಡವೆಗೆ ಅಂತ ಚರ್ಮದ ಡಾಕ್ಟ್ರ ಹತ್ರ ಹೋಗಿದ್ದೆ. ಮಾತಿಗೆ ಮಾತು ಬಂದು ಕೂದಲಿನ ಕಥೆ ಹೇಳಿದೆ. ಅವರು ಎಣ್ಣೆ ಹೆಸರು ಕೇಳಲಿಲ್ಲ. "ಉದುರೋಕೆ ಶುರುವಾಗೋ ಮೂರು ತಿಂಗಳು ಮುಂಚೆ ಏನಾಗಿತ್ತಮ್ಮ?" ಅಂದ್ರು.

ನವೆಂಬರ್‌ನಿಂದ ಹಿಂದಕ್ಕೆ ಎಣಿಸಿದೆ. ಅಕ್ಟೋಬರ್, ಸೆಪ್ಟೆಂಬರ್, ಆಗಸ್ಟ್. ಆಗಸ್ಟ್‌ನಲ್ಲಿ ನನಗೆ ಡೆಂಗಿ ಆಗಿತ್ತು! ಐದು ದಿನ ಆಸ್ಪತ್ರೆ, ವಾರಗಟ್ಟಲೆ ಗಂಜಿ. ಹುಷಾರಾಗಿ ಕೆಲಸಕ್ಕೆ ಹೋದಮೇಲೆ ಮರೆತೇಬಿಟ್ಟಿದ್ದೆ.

ಆಗೋದು ಹೀಗೆ. ಜೋರು ಜ್ವರ, ಆಪರೇಷನ್, ಹೆರಿಗೆ, ಊಟ ಬಿಟ್ಟು ಮಾಡೋ ಡಯಟ್, ತೀರಾ ದೊಡ್ಡ ಆಘಾತ, ಇಂಥದ್ದು ಬಂದಾಗ ದೇಹ ಮೊದಲು ಹೃದಯ, ಮೆದುಳು, ಕಿಡ್ನಿ ನೋಡ್ಕೊಳ್ಳುತ್ತೆ. ಕೂದಲು ಬೆಳೆಸೋದು ಆಗ ತುರ್ತು ಕೆಲಸ ಅಲ್ಲ. ಹಾಗಾಗಿ ಬೆಳೀತಿದ್ದ ಎಷ್ಟೋ ಗೂಡುಗಳು ಒಟ್ಟಿಗೇ ವಿಶ್ರಾಂತಿಗೆ ಹೋಗ್ತವೆ. ಆದ್ರೆ ವಿಶ್ರಾಂತಿ ಅಂದ್ರೆ ಮೂರು ತಿಂಗಳು, ನೆನಪಿದೆಯಲ್ಲ? ಜ್ವರ ಬಂದಾಗ ಏನೂ ಕಾಣಲ್ಲ. ಮೂರು ತಿಂಗಳಾದಮೇಲೆ ಎಲ್ಲವೂ ಒಟ್ಟಿಗೆ ಉದುರುತ್ತೆ. ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಅಂತ ಹೆಸರು ಕೊಟ್ಟಿದ್ದು ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್, 1961ರಲ್ಲಿ. ಕೋವಿಡ್ ಆದಮೇಲೆ ಎಷ್ಟೋ ಜನರಿಗೆ ಕೂದಲು ಉದುರಿದ್ದೂ ಇದೇ ಥರ.

ಒಳ್ಳೆ ಸುದ್ದಿ ಏನಂದ್ರೆ, ಗೂಡುಗಳಿಗೆ ಏನೂ ಆಗಿರಲ್ಲ. ಕಾರಣ ಕಳೆದಿದ್ರೆ ಮೂರರಿಂದ ಆರು ತಿಂಗಳಲ್ಲಿ ಉದುರೋದು ತಾನಾಗೇ ಕಡಿಮೆಯಾಗುತ್ತೆ. ಹಳೆ ಉದ್ದಕ್ಕೆ ಬರೋಕೆ ಮಾತ್ರ ಇನ್ನೂ ಸಮಯ ಬೇಕು, ತಿಂಗಳಿಗೆ ಒಂದೇ ಸೆಂಟಿಮೀಟರ್ ತಾನೆ.

ಈಗ ನನ್ನ ಎಣ್ಣೆಯ ಪವಾಡ ನೋಡಿ. ನಾನು ಎಣ್ಣೆ ಕೊಂಡಿದ್ದು ಡಿಸೆಂಬರ್‌ನಲ್ಲಿ, ಉದುರೋದು ತೀರಾ ಜೋರಾಗಿದ್ದಾಗ. ಎಲ್ಲರೂ ಆಗಲೇ ಅಲ್ವಾ ಕೊಳ್ಳೋದು? ಅಲ್ಲಿಂದ ಮುಂದೆ ಅದು ಹೇಗಿದ್ರೂ ಇಳಿಯೋದೇ. ಆ ಎರಡು ತಿಂಗಳು ನಾನು ತಲೆಗೆ ಮಜ್ಜಿಗೆ ಹಚ್ಚಿದ್ರೂ ಉದುರೋದು ನಿಲ್ತಿತ್ತು. ಹೆಸರು ಮಾತ್ರ ಮಜ್ಜಿಗೆಗೆ ಬರ್ತಿತ್ತು. ಆನ್‌ಲೈನ್‌ನಲ್ಲಿ ಐದು ಸ್ಟಾರ್ ಕೊಟ್ಟವರಲ್ಲಿ ನನ್ನಂಥೋರೂ ಇರ್ತಾರೆ. ಸುಳ್ಳು ಹೇಳ್ತಿಲ್ಲ ಅವರು, ಲೆಕ್ಕ ತಪ್ಪಿದ್ದಾರೆ.

ತಂಗಿಯ ನಾಲ್ಕು ತಿಂಗಳು

ಇದರಿಂದ ಯಾರಿಗೇನು ನಷ್ಟ ಅಂತೀರಾ? ನನ್ನ ಆರು ಸಾವಿರ ಹೋಯ್ತು, ಹೋಗ್ಲಿ. ತಂಗಿ ವಿಷಯ ಹಾಗಲ್ಲ.

ಅವಳು ಮಾರ್ಚ್‌ನಿಂದ ಜುಲೈವರೆಗೆ ನಿಷ್ಠೆಯಿಂದ ಎಣ್ಣೆ ಹಚ್ಚಿದಳು. ಕಡಿಮೆ ಆಗಲಿಲ್ಲ. "ಅಕ್ಕ, ನಿಂಗೆ ಆಯ್ತಲ್ಲ, ನಂಗ್ಯಾಕೆ ಆಗ್ತಿಲ್ಲ?" ಅಂತ ಮೆಸೇಜ್ ಮಾಡ್ತಿದ್ದಳು. "ಇನ್ನೊಂದು ತಿಂಗಳು ನೋಡೇ" ಅಂದೆ. ಡಾಕ್ಟ್ರು ನನಗೆ ಹೇಳಿದ್ದನ್ನ ಅವಳಿಗೆ ಹೇಳೋಕೂ ನಾಚಿಕೆ, ನಾನೇ ತಾನೆ ಎಣ್ಣೆ ಕಳಿಸಿದ್ದು. ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ, ಕ್ಲಾಸಲ್ಲಿ ತೂಕಡಿಕೆ ಅಂತ ಅವಳು ಹೇಳಿದ್ದು ನನಗೆ ಕೂದಲಿಗೆ ಸಂಬಂಧ ಇರೋ ಮಾತು ಅಂತ ಅನ್ನಿಸಲೇ ಇಲ್ಲ.

ಜುಲೈನಲ್ಲಿ ಕಾಲೇಜಲ್ಲಿ ತಲೆಸುತ್ತಿ ಬಿದ್ದಳು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.8. ಹೆಣ್ಣುಮಕ್ಕಳಿಗೆ ಕನಿಷ್ಠ 12 ಇರಬೇಕು. ಎರಡು ವರ್ಷದಿಂದ ಮುಟ್ಟಿನಲ್ಲಿ ರಕ್ತಸ್ರಾವ ವಿಪರೀತ ಇತ್ತು, ಯಾರ ಹತ್ರಾನೂ ಹೇಳಿರಲಿಲ್ಲ. ಬೆಳಿಗ್ಗೆ ತಿಂಡಿ ಬಿಟ್ಟು ಬರೀ ಟೀ. ಕಬ್ಬಿಣದಂಶ ಖಾಲಿಯಾಗಿತ್ತು. ಅವಳ ಕೂದಲು ಹೇಳ್ತಾ ಇದ್ದ ಸುದ್ದಿ ಅದು. ನಾವು ಆ ಸುದ್ದಿಗೆ ಎಣ್ಣೆ ಹಚ್ತಾ ಕೂತಿದ್ವಿ.

ಇದು ಅವಳೊಬ್ಬಳ ಕಥೆ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಅರ್ಧದ ಹತ್ತಿರ. ಥೈರಾಯ್ಡ್ ಏರುಪೇರಾದ್ರೂ ಕೂದಲು ಉದುರುತ್ತೆ. ಅದಕ್ಕೇ ಉದುರೋದು ತಿಂಗಳುಗಟ್ಟಲೆ ನಿಲ್ಲದಿದ್ರೆ ಮೊದಲು ಹೋಗಬೇಕಾದ್ದು ಡಾಕ್ಟ್ರ ಹತ್ರ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಬೇಕಾ ಅಂತ ಕೇಳಿ. ಕಬ್ಬಿಣದ ಮಾತ್ರೆಯನ್ನ ನೀವೇ ಶುರು ಮಾಡ್ಬೇಡಿ, ಜಾಸ್ತಿಯಾದ್ರೂ ತೊಂದರೆ.

ಎಲ್ಲಾ ಉದುರುವಿಕೆ ಒಂದೇ ಅಲ್ಲ

ಹುಡುಗರು ಈಗ ಕೇಳಿ. ಹಣೆಯ ಎರಡೂ ಮೂಲೆ ಹಿಂದಕ್ಕೆ ಸರೀತಾ ಇದ್ರೆ, ನಡುನೆತ್ತಿ ತೆಳ್ಳಗಾಗ್ತಾ ಇದ್ರೆ, ಅದು ಜ್ವರದ ಕಥೆ ಅಲ್ಲ. ಅಲ್ಲಿ ಗೂಡುಗಳೇ ಡಿ.ಎಚ್.ಟಿ. ಅನ್ನೋ ಹಾರ್ಮೋನಿಗೆ ಸ್ಪಂದಿಸಿ ವರ್ಷದಿಂದ ವರ್ಷಕ್ಕೆ ಕುಗ್ತವೆ. ಬೆಳೆಯೋ ಹಂತ ಚಿಕ್ಕದಾಗುತ್ತೆ, ಕೂದಲು ನವಿರಾಗಿ ಕೊನೆಗೆ ಕಾಣದ ಹಾಗಾಗುತ್ತೆ. "ತಾಯಿಯ ತಂದೆ ಬೋಳಾಗಿದ್ರೆ ಮೊಮ್ಮಗನೂ ಬೋಳು" ಅನ್ನೋದು ಅರ್ಧ ಸತ್ಯ. ಒಂದು ಮುಖ್ಯ ಜೀನ್ ತಾಯಿ ಕಡೆಯಿಂದ ಬರುತ್ತೆ ನಿಜ, ಆದ್ರೆ ಇನ್ನೂ ಎಷ್ಟೋ ಜೀನ್‌ಗಳು ಸೇರ್ತವೆ, ಎರಡೂ ಕಡೆಯಿಂದ. ಹೆಣ್ಣುಮಕ್ಕಳಲ್ಲಿ ಇದು ಬೈತಲೆ ಅಗಲವಾಗೋ ರೀತಿಯಲ್ಲಿ ಕಾಣುತ್ತೆ. ಜೊತೆಗೆ ಮುಟ್ಟು ಏರುಪೇರಾಗಿ, ಮುಖದಲ್ಲಿ ಕೂದಲು ಬರ್ತಿದ್ರೆ ಪಿ.ಸಿ.ಓ.ಎಸ್. ಇರಬಹುದು, ತೋರಿಸಿ.

ಇಲ್ಲಿ ಕಾಯೋದು ನಷ್ಟ. ಕುಗ್ತಿರೋ ಗೂಡನ್ನ ಉಳಿಸಬಹುದು, ಪೂರ್ತಿ ಮುಚ್ಚಿಹೋದದ್ದನ್ನ ತೆರೆಯೋದು ಕಷ್ಟ. ಕೆಲಸ ಮಾಡೋ ಔಷಧಿ ಇವೆ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡಕ್ಕೆ ಬಂದ ಮಾತ್ರೆ. ತಗೊಂಡವರಿಗೆ ಮೈತುಂಬಾ ಕೂದಲು ಬಂತು ಅಂತ ತಲೆಗೆ ಹಚ್ಚೋ ಔಷಧಿಯಾಯ್ತು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಫಿನಾಸ್ಟರೈಡ್ ಮಾತ್ರೆಗೆ 1997ರಲ್ಲಿ. ಮಿನಾಕ್ಸಿಡಿಲ್ ಶುರುವಿನಲ್ಲಿ ಸ್ವಲ್ಪ ಹೆಚ್ಚೇ ಉದುರಿಸಬಹುದು, ಫಲ ಕಾಣೋಕೆ ತಿಂಗಳುಗಳು ಬೇಕು, ನಿಲ್ಲಿಸಿದ್ರೆ ಬಂದದ್ದೂ ಹೋಗುತ್ತೆ. ಫಿನಾಸ್ಟರೈಡ್‌ಗೆ ಅಡ್ಡಪರಿಣಾಮ ಇರಬಹುದು, ಗರ್ಭಿಣಿಯರು ಅದನ್ನ ತಗೊಳ್ಳಲೇಬಾರದು. ಹಾಗಾಗಿ ಮೆಡಿಕಲ್ ಶಾಪಲ್ಲಿ ಫ್ರೆಂಡ್ ಹೇಳಿದ ಅಂತ ಕೇಳ್ಬೇಡಿ, ಡಾಕ್ಟ್ರನ್ನ ಕೇಳಿ.

ನಾಣ್ಯದಷ್ಟು ದುಂಡಗೆ, ಹುಳ ತಿಂದ ಹಾಗೆ ಒಂದೇ ಜಾಗದಲ್ಲಿ ಹೋದ್ರೆ ಅದು ಬೇರೆ. ನಮ್ಮದೇ ರೋಗನಿರೋಧಕ ಶಕ್ತಿ ಗೂಡಿನ ಮೇಲೆ ತಿರುಗಿಬಿದ್ದಿರುತ್ತೆ, ಹುಳ ಗಿಳ ಏನೂ ಇಲ್ಲ. ಅದಕ್ಕೂ ಚಿಕಿತ್ಸೆ ಇದೆ.

ಹಾಗಾದ್ರೆ ದಿನಾ ಏನು ಮಾಡೋದು?

ಎಳೆಗೆ ಬೇರೆ ಆರೈಕೆ, ಗೂಡಿಗೆ ಬೇರೆ. ಇದೊಂದು ನೆನಪಿಟ್ಕೊಂಡ್ರೆ ಅರ್ಧ ಜಾಹೀರಾತು ತಾನಾಗೇ ಜರಡಿ ಆಗುತ್ತೆ.

ಎಳೆ ಸತ್ತಿದ್ದು, ಮುರಿದ್ರೆ ತಾನಾಗಿ ಸರಿಹೋಗಲ್ಲ. ಅದನ್ನ ಒಳ್ಳೆ ರೇಷ್ಮೆ ಸೀರೆ ಥರ ನೋಡ್ಕೊಳ್ಳಿ. ಒದ್ದೆ ಕೂದಲು ಬೇಗ ಮುರಿಯುತ್ತೆ, ಟವೆಲ್ಲಲ್ಲಿ ಉಜ್ಜಬೇಡಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಸಿಕ್ಕು ಬಿಡಿಸ್ತಾ ಮೇಲಕ್ಕೆ ಬನ್ನಿ. ಬ್ಲೀಚು, ದಿನಾ ಸ್ಟ್ರೈಟ್‌ನರ್ ಬೇಡ. ತೆಂಗಿನೆಣ್ಣೆಗೆ ಇಲ್ಲಿ ನಿಜವಾದ ಕೆಲಸ ಇದೆ. ಅದು ಎಳೆಯ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಸವೆಯೋದನ್ನ ತಗ್ಗಿಸುತ್ತೆ ಅಂತ 2003ರ ಮುಂಬೈ ಅಧ್ಯಯನವೊಂದು ತೋರಿಸಿತು. ಮಾಡಿದ್ದು ತೆಂಗಿನೆಣ್ಣೆ ಮಾರೋ ಕಂಪನಿಯ ವಿಜ್ಞಾನಿಗಳೇ, ಅದೂ ಗೊತ್ತಿರಲಿ. ಹಾಗಾಗಿ ಅಮ್ಮಂದಿರು ತಪ್ಪಲ್ಲ. ಎಣ್ಣೆ ಎಳೆಯನ್ನ ಕಾಯುತ್ತೆ, ಗೂಡಿಂದ ಹೊಸ ಕೂದಲು ಹುಟ್ಟಿಸಲ್ಲ.

ತಲೆಹೊಟ್ಟಿದ್ರೆ ಮಾತ್ರ ಎಣ್ಣೆ ಬೇಡ. ಹೊಟ್ಟಿಗೆ ಕಾರಣ ಒಣಚರ್ಮ ಅಂತ ನಾವು ಅಂದ್ಕೊಳ್ತೀವಿ. ಹೆಚ್ಚಿನ ಸಲ ಅಲ್ಲಿರೋದು ಮಲಸೀಜಿಯಾ ಅನ್ನೋ ಸೂಕ್ಷ್ಮ ಶಿಲೀಂಧ್ರ, ಅದರ ಊಟವೇ ಜಿಡ್ಡು. ಕೀಟೋಕೊನಜೋಲ್ ಇರೋ ಶಾಂಪೂ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ.

ಬೋರ್ ನೀರಿನಲ್ಲಿ ನೊರೆ ಬರಲ್ಲ, ಕೂದಲು ನಾರಿನ ಹಾಗೆ ಒರಟಾಗುತ್ತೆ, ಮುರಿಯಲೂಬಹುದು. ಆದ್ರೆ ಎಳೆಗೆ ತಾಗೋ ನೀರು ಚರ್ಮದೊಳಗಿನ ಗೂಡನ್ನ ಮಲಗಿಸಲ್ಲ. ಹೆಲ್ಮೆಟ್ ಕೂಡ ಹಾಗೇ. ಗೂಡು ಉಸಿರಾಡೋದು ರಕ್ತದಿಂದ, ಗಾಳಿಯಿಂದ ಅಲ್ಲ. ಕೂದಲು ಹೋದ್ರೆ ಬರಬಹುದು, ತಲೆ ಹೋದ್ರೆ ಬರಲ್ಲ, ಹೆಲ್ಮೆಟ್ ಹಾಕ್ಕೊಳ್ಳಿ. ದಿನಾ ಎಳೆದು ಬಿಗಿಯಾಗಿ ಕಟ್ಟೋ ಜಡೆ, ಪೋನಿಟೇಲ್ ಮಾತ್ರ ವರ್ಷಗಟ್ಟಲೆ ಆದ್ರೆ ಹಣೆ ಅಂಚಿನ ಗೂಡಿಗೆ ನಿಜವಾಗಿಯೂ ಪೆಟ್ಟು.

ಬೋಳಿಸಿದ್ರೆ ದಟ್ಟವಾಗಿ ಬರುತ್ತಾ? ಇಲ್ಲ. 1928ರಲ್ಲೇ ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಇದನ್ನ ಪರೀಕ್ಷೆ ಮಾಡಿ ನೋಡಿದ್ರು, ವ್ಯತ್ಯಾಸ ಸಿಗಲಿಲ್ಲ. ಚೂಪಾದ ತುದಿ ಹೋಗಿ ಮೊಂಡು ತುದಿ ಬರುತ್ತೆ, ದಪ್ಪ ಅನ್ನಿಸುತ್ತೆ, ಅಷ್ಟೇ. ಮುಡಿ ಕೊಡೋದು ಹರಕೆಗೆ, ದಟ್ಟ ಕೂದಲಿಗಲ್ಲ.

ಗೂಡಿಗೆ ಬೇಕಾದ್ದು ಊಟ, ನಿದ್ದೆ. ಕೂದಲೇ ಪ್ರೋಟೀನ್, ಹಾಗಾಗಿ ಬೇಳೆ, ಹುರುಳಿ, ಮೊಟ್ಟೆ, ಮೊಸರು, ಮೀನು, ನಿಮ್ಮ ಮನೇಲಿ ಏನು ನಡೆಯುತ್ತೋ ಅದು. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಕಬ್ಬಿಣದಂಶ ಚೆನ್ನಾಗಿ ಸೇರುತ್ತೆ. ಊಟದ ಜೊತೆಗೇ ಟೀ ಕುಡಿದ್ರೆ ಕಡಿಮೆ ಸೇರುತ್ತೆ, ಒಂದು ಗಂಟೆ ಬಿಡಿ. ಬಯೋಟಿನ್ ಕೊರತೆ ಬಹಳ ಅಪರೂಪ. ಅದರ ಮೇಲೆ, ಜಾಸ್ತಿ ಬಯೋಟಿನ್ ತಗೊಂಡ್ರೆ ಹೃದಯಾಘಾತಕ್ಕೆ ಮಾಡೋ ಟ್ರೊಪೊನಿನ್ ಸೇರಿ ಕೆಲವು ರಕ್ತ ಪರೀಕ್ಷೆಗಳು ತಪ್ಪು ತೋರಿಸಬಹುದು ಅಂತ ಅಮೆರಿಕದ ಎಫ್.ಡಿ.ಎ. 2017ರಲ್ಲೇ ಎಚ್ಚರಿಸಿದೆ. ಗಮ್ಮಿ ತಿನ್ನೋರು ಪರೀಕ್ಷೆಗೆ ಮುಂಚೆ ಡಾಕ್ಟ್ರಿಗೆ ಹೇಳಿ.

ಗ್ಯಾಲರಿ ತೆಗೀರಿ

ಮುಗಿಸೋಕೆ ಮುಂಚೆ ಒಂದು ಕೆಲಸ. ಕೂದಲು ಜಾಸ್ತಿ ಉದುರ್ತಿದೆ ಅನ್ನಿಸಿದ್ರೆ ಶಾಪಿಂಗ್ ಆ್ಯಪ್ ತೆಗೀಬೇಡಿ. ಫೋನಿನ ಗ್ಯಾಲರಿ ತೆಗೀರಿ, ಮೂರು ತಿಂಗಳು ಹಿಂದಕ್ಕೆ ಹೋಗಿ. ಏನಾಗಿತ್ತು ಆಗ? ಜ್ವರವಾ, ಪರೀಕ್ಷೆಯಾ, ಮನೇಲಿ ಸಾವಾ, ಊಟ ಬಿಟ್ಟು ತೂಕ ಇಳಿಸಿದ್ದಾ? ಕಾರಣ ಸಿಕ್ಕಿ, ಅದು ಮುಗಿದಿದ್ರೆ ಸ್ವಲ್ಪ ತಾಳ್ಮೆ. ಕಾರಣ ಸಿಗದಿದ್ರೆ, ಆರು ತಿಂಗಳಾದ್ರೂ ನಿಲ್ಲದಿದ್ರೆ, ಜೊತೆಗೆ ಸುಸ್ತು, ಮುಟ್ಟಿನ ಏರುಪೇರು, ತಲೆಯಲ್ಲಿ ದುಂಡು ಬೋಳು ಇದ್ರೆ, ಡಾಕ್ಟ್ರು.

ತಂಗಿಗೆ ಈಗ ಹಿಮೋಗ್ಲೋಬಿನ್ 12 ದಾಟಿದೆ. ಮುಟ್ಟಿನ ತೊಂದರೆಗೂ ಚಿಕಿತ್ಸೆ ನಡೀತಿದೆ. ಮೊನ್ನೆ ಒಂದು ಸೆಲ್ಫಿ ಕಳಿಸಿದ್ದಳು. ಹಣೆಯ ಅಂಚಲ್ಲಿ ಪುಟ್ಟ ಪುಟ್ಟ ಕೂದಲು, ಬಾಚಿದ್ರೂ ಕೂರದೆ ಎದ್ದು ನಿಂತಿದ್ವು. "ಅಕ್ಕ, ನಿನ್ನ ಎಣ್ಣೆ ಇನ್ನೂ ಒಂದು ಬಾಟಲಿ ಉಳಿದಿದೆ, ಬಾಗಿಲು ಕಿರ್ ಅಂತಿದೆ, ಅದಕ್ಕೆ ಹಾಕ್ಲಾ?" ಅಂತ ಕೇಳಿದಳು. ಹಾಕೇ ಅಂದೆ.